ಹಿಮ್ಮಡಿ ಇಂಗ್ಲಿಷು

ಹತ್ತೊಂಬತ್ತು ವರ್ಷಗಳಿಂದ ನಾನು ದಿನಕ್ಕೆ ಏನಿಲ್ಲವೆಂದರೂ ನಲವತ್ತು ಸಲ ಏಳನೇ ಮಹಡಿಗೆ ಏರುತ್ತಿದ್ದೇನೆ. ನಮ್ಮ ಆಫೀಸಿನಲ್ಲಿ ನನ್ನಷ್ಟು ಮೇಲೇರಿದವರು ಇನ್ನೊಬ್ಬರಿಲ್ಲ. ಆದರೂ ಬಡ್ತಿ ಮಾತ್ರ ಸಿಕ್ಕಿಲ್ಲ. "ಏರಿದಷ್ಟೇ ಸಲ ಇಳಿದೂ ಇದೀರಲ್ಲ, ಅಲ್ಲಿಗಲ್ಲಿಗೆ ಸರಿಹೋಯ್ತು" ಎನ್ನುತ್ತಾಳೆ ನನ್ನ ಹೆಂಡತಿ.

ನಾನು ಲಿಫ್ಟಿನವನು. ಕಬ್ಬಿಣದ ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ, ಮೂಲೆಯಲ್ಲೊಂದು ಸ್ಟೂಲು. ಇಷ್ಟು ನನ್ನ ರಾಜ್ಯ. ಆರು ಜನ ಹಿಡಿಸುವ ಹಳೇ ಲಿಫ್ಟು, ನನ್ನನ್ನು ಬಿಟ್ಟು ನಾಲ್ಕೇ ಜನ ಎಂದು ಹಾಸ್ಯ ಮಾಡುವವರಿದ್ದಾರೆ. ನನ್ನ ತೂಕ ತೊಂಬತ್ತಾರು ಕಿಲೋ. ನಾಚಿಕೊಂಡು ಪ್ರಯೋಜನವಿಲ್ಲ, ಮುಂದೆ ಇದು ಬೇಕಾಗುತ್ತದೆ, ಹಾಗಾಗಿ ಈಗಲೇ ಹೇಳಿಬಿಟ್ಟಿದ್ದೇನೆ.

ಮಹಡಿ ಬರುವ ಮುಂಚೆ ಎದ್ದು ನಿಂತು ಅದರ ಹೆಸರು ಕೂಗುವುದು ನನ್ನ ಕೆಲಸ. ಎರಡನೇ ಮಹಡಿ ಸ್ಟೋರ್ಸ್, ಮೂರನೆಯದು ಅಡ್ಮಿನಿಸ್ಟ್ರೇಷನ್, ಐದನೆಯದು ಎಂಜಿನಿಯರಿಂಗ್. ನಾಲ್ಕೂ ಆರೂ ಖಾಲಿ. ಮೊದಲನೇ ಮಹಡಿಯವರನ್ನು ನಾನು ಹತ್ತಿಸಿಕೊಳ್ಳುವುದೇ ಇಲ್ಲ, ಕಾಲಿದೆಯಲ್ಲ, ನಡೆಯಲಿ. ಏಳನೆಯದು ಮ್ಯಾನೇಜರದು. ಅದನ್ನು ಕೂಗುವ ಅಗತ್ಯವಿಲ್ಲ. ಅಲ್ಲಿಗೆ ಹೊರಟವರಿಗೆ ಎಲ್ಲಿಗೆ ಹೊರಟಿದ್ದೇವೆಂಬುದು ಬೆಳಿಗ್ಗೆ ಎದ್ದಾಗಿನಿಂದ ನೆನಪಿರುತ್ತದೆ.

ಹೀಗಿರುವಾಗ ಕೆಳಗಿನ ಎನ್‌ಕ್ವೈರಿ ಸೀಟಿನ ಅಮ್ಮ ನಿವೃತ್ತರಾಗುವ ಸುದ್ದಿ ಬಂತು. ಆ ಸೀಟಿನಲ್ಲಿ ಚಕ್ರದ ಕುರ್ಚಿ ಇದೆ. ಬೆನ್ನಿಗೆ ಆಸರೆ, ಕೈಗೆ ಆಸರೆ, ಎದುರಿಗೊಂದು ಫ್ಯಾನು. ಎಲ್ಲಕ್ಕಿಂತ ಹೆಚ್ಚಾಗಿ ಅದು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ಹತ್ತೊಂಬತ್ತು ವರ್ಷ ಸ್ಟೂಲಿನ ಮೇಲೆ ಸವೆದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಮ್ಯಾನೇಜರು ಲಿಫ್ಟಿನಲ್ಲಿ ಒಬ್ಬರೇ ಸಿಕ್ಕಿದಾಗ ಕೇಳಿಯೇಬಿಟ್ಟೆ. ನಮ್ಮ ಮ್ಯಾನೇಜರು ಕನ್ನಡ ಬಳಸುವುದು ಬೈಯುವುದಕ್ಕೆ ಮಾತ್ರ. ಮಿಕ್ಕ ಎಲ್ಲಕ್ಕೂ ಇಂಗ್ಲಿಷೇ. ಅವರ ತಾಯಿ ನಮ್ಮ ಹಿಂದಿನ ಬೀದಿಯವರು, ಇಂಗ್ಲಿಷಿನ ಒಂದಕ್ಷರವೂ ಬಾರದು, ಮಗನನ್ನು ಊಟಕ್ಕೆ ಹೇಗೆ ಕರೆಯುತ್ತಾರೋ ದೇವರೇ ಬಲ್ಲ.

"ಯೂ? ಎನ್‌ಕ್ವೈರಿ?" ಎಂದು ನಕ್ಕರು. ಆಮೇಲೆ ಕನ್ನಡಕ್ಕೆ ಬಂದರು. ಅಲ್ಲಿಗೆ ನನಗೆ ಗೊತ್ತಾಯಿತು, ಬೈಗುಳ ಬಂತು ಎಂದು. "ನೋಡಯ್ಯಾ, ನಿನ್ನ ಇಂಗ್ಲಿಷ್ ಕೇಳಿದರೆ ಲಾರಿಯಿಂದ ಇಟ್ಟಿಗೆ ಇಳಿಸಿದ ಹಾಗಿರುತ್ತೆ. ಅ, ಡ್ಮಿ, ನಿ, ಸ್ಟ್ರೇ, ಷನ್! ಎಲ್ಲಾ ಒಂದೇ ಸೈಜು! ಯಾವ ಅಕ್ಷರ ಒತ್ತಬೇಕು, ಯಾವುದನ್ನು ನುಂಗಬೇಕು ಅನ್ನೋ ಜ್ಞಾನ ಬೇಡವಾ? ಮುಂದಿನ ತಿಂಗಳು ಇಂಟರ್‌ವ್ಯೂ. ಕಲಿತು ಬಾ, ಇಲ್ಲಾಂದ್ರೆ ಸ್ಟೂಲಿನ ಮೇಲೇ ಕೂತಿರು."

ಅಷ್ಟರಲ್ಲಿ ಲಿಫ್ಟು ಹತ್ತಿದ ಮೂರನೇ ಮಹಡಿಯ ಸೂಪರಿಂಟೆಂಡೆಂಟ್ ಮೇಡಂ ಅದನ್ನೆಲ್ಲ ಕೇಳಿಸಿಕೊಂಡಿದ್ದರು. ಇಟ್ಟಿಗೆಯ ಮಾತು ಮಧ್ಯಾಹ್ನದ ಹೊತ್ತಿಗೆ ಜನರಿದ್ದ ಮಹಡಿಗೆಲ್ಲ ಮುಟ್ಟಿತ್ತು. ಅದನ್ನು ಅಲ್ಲಿಗೆಲ್ಲ ಮುಟ್ಟಿಸಿದ್ದು ನನ್ನ ಲಿಫ್ಟೇ ಎಂಬುದು ನನ್ನ ಕರ್ಮ.

ಮನೆಯಲ್ಲಿ ಹೇಳಿಕೊಂಡೆ. ಹೇಳಿಕೊಂಡಾಗ ನನ್ನ ಭಾವಮೈದ ಅಲ್ಲಿದ್ದದ್ದು ಎರಡನೇ ಕರ್ಮ. ಅವನು ಜೆರಾಕ್ಸ್ ಅಂಗಡಿಯವನು, ದಿನವಿಡೀ ಬೇರೆಯವರ ಕಾಗದ ಓದಿ ಓದಿ ಲೋಕದಲ್ಲಿರುವುದೆಲ್ಲ ಅವನಿಗೆ ಗೊತ್ತು.

"ಭಾವ, ಯೋಚನೆನೇ ಬೇಡ. ಒತ್ತು ಮೇಷ್ಟ್ರ ಹತ್ತಿರ ಸೇರಿಕೊಳ್ಳಿ. ಒಂದು ತಿಂಗಳಲ್ಲಿ ಬಾಯಿ ತಿರುಗಿಸಿಬಿಡ್ತಾರೆ. ನಾನೇ ಅಲ್ಲಿ ಮೂರು ಸಲ ಕಲಿತಿದೀನಿ."

"ಒಂದು ತಿಂಗಳಲ್ಲಿ ಬರೋದನ್ನ ಮೂರು ಸಲ ಯಾಕೆ ಕಲಿತೆ?" ಎಂದು ನನ್ನ ಹೆಂಡತಿ ಕೇಳಿದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಒತ್ತು ಮೇಷ್ಟ್ರ ಕ್ಲಾಸು ಬೆಳಿಗ್ಗೆ ಆರು ಗಂಟೆಗೆ, ಒಂದು ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ. ಕಡ್ಡಿಯಂಥ ಮನುಷ್ಯ, ದನಿ ಮಾತ್ರ ಗಡಿಗೆಯೊಳಗಿಂದ ಬಂದಂತೆ. ನಾವು ಇಪ್ಪತ್ತೆರಡು ಜನ ಸಾಲಾಗಿ ನಿಂತೆವು. ಅಲ್ಲಿ ಕುರ್ಚಿ ಇಲ್ಲ, ಯಾಕೆಂದು ಆಮೇಲೆ ತಿಳಿಯಿತು.

"ನೀವು ಮಾತಾಡುವಾಗ ಎಲ್ಲಾ ಅಕ್ಷರಕ್ಕೂ ಸಮನಾಗಿ ಬಡಿಸ್ತೀರಿ," ಎಂದರು ಮೇಷ್ಟ್ರು. "ಪಂಕ್ತೀಲಿ ಕೂತ ಎಲ್ಲರಿಗೂ ಒಂದೊಂದು ಸೌಟು. ಇಂಗ್ಲಿಷಿನಲ್ಲಿ ಆ ನ್ಯಾಯ ಇಲ್ಲ. ಒಬ್ಬನಿಗೆ ಮಾತ್ರ ತಟ್ಟೆ ತುಂಬ. ಉಳಿದವರು ನೆಕ್ಕಿಕೊಂಡು ಎದ್ದು ಹೋಗಬೇಕು. ಆ ಒಬ್ಬ ಯಾರು ಅಂತ ಪತ್ತೆ ಮಾಡೋದೇ ವಿದ್ಯೆ."

"ಅದು ಯಾರೂಂತ ಹೇಗೆ ಗೊತ್ತಾಗುತ್ತೆ ಸರ್?" ಎಂದೆ.

"ಬಾಯಿಗೆ ಗೊತ್ತಾಗೋದಿಲ್ಲ. ಬಾಯಿ ಕಳ್ಳ. ಹಿಮ್ಮಡಿಗೆ ಗೊತ್ತಾಗುತ್ತೆ. ತುದಿಗಾಲಲ್ಲಿ ನಿಲ್ಲಿ. ಪದ ಶುರು ಮಾಡಿ. ಒತ್ತು ಬಂತಾ? ಮೈಭಾರ ಎಲ್ಲಾ ಹಿಮ್ಮಡಿಗೆ ಬಿಡಿ. ಧೊಪ್!"

ಇಪ್ಪತ್ತೆರಡು ಜನ ತುದಿಗಾಲಲ್ಲಿ ಎದ್ದೆವು. "ಎಂಜಿ" ಎನ್ನುವಾಗ ಮೇಲೆ, "ನಿಯ" ಎನ್ನುವಾಗ ಧೊಪ್, "ರಿಂಗ್" ಎನ್ನುವಾಗ ಉಸಿರು. ಗೋಡೆಯ ಕ್ಯಾಲೆಂಡರು ಮೊಳೆಯ ಮೇಲೆ ಅರ್ಧ ಸುತ್ತು ತಿರುಗಿತು. "ಅಡ್ಮಿನಿಸ್ಟ್ರೇಷನ್" ಎಂಬಲ್ಲಿ ನಾಲ್ಕನೇ ಅಕ್ಷರದವರೆಗೂ ತುದಿಗಾಲಲ್ಲೇ ಕಾಯಬೇಕು. ನನ್ನ ವಯಸ್ಸಿನವನಿಗೆ ಅದು ಸಣ್ಣ ತಪಸ್ಸು.

"ಸ್ಟೋರ್ಸ್ ಅಂದಾಗ ಸರ್?" ಎಂದು ಕೇಳಿದೆ, ನಮ್ಮ ಎರಡನೇ ಮಹಡಿ ನೆನಪಾಗಿ.

"ಒಂದೇ ತುಂಡಿನ ಪದಕ್ಕೆ ಹಿಮ್ಮಡಿ ಬೇಡ. ಅಲ್ಲಿ ಪೈಪೋಟಿನೇ ಇಲ್ಲವಲ್ಲ!"

ಕ್ಲಾಸು ಮುಗಿಸಿ ಇಳಿದರೆ ಕೆಳಗೆ ಕ್ಷೌರದಂಗಡಿಯವನು ಕತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಎಂಟು ವರ್ಷದಿಂದ ಆ ಕ್ಲಾಸಿನ ಕೆಳಗೆ ಗಡ್ಡ ಕೆರೆಯುತ್ತಿರುವ ಮನುಷ್ಯ. ಯಾವ ಪದ ಎಲ್ಲಿ ಧೊಪ್ಪೆನ್ನುತ್ತದೆಂದು ಅವನಿಗೆ ಬಾಯಿಪಾಠ. ಅಷ್ಟು ಹೊತ್ತಿಗೆ ಸರಿಯಾಗಿ ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿಕೊಳ್ಳುತ್ತಾನೆ.

"ಅಣ್ಣಾ, ಮೇಲೆ ಎಲ್ಲರಿಗಿಂತ ಭಾರವಾಗಿ ಬಿದ್ದವರು ನೀವೇನಾ?" ಎಂದು ಕೇಳಿದ. "ಎಂಜಿನಿಯರಿಂಗಿಗೆ ಮೂರನೇ ಅಕ್ಷರದ ಮೇಲೆ ಬೀಳಬೇಕು. ಕೊನೇ ಸಲ ನೀವು ಮೊದಲನೆಯದಕ್ಕೇ ಬಿದ್ದುಬಿಟ್ಟಿರಿ. ಒಳಗೆ ನೋಡಿ, ಆ ಯಜಮಾನರ ಮೀಸೆ ಒಂದು ಕಡೆ ಗಿಡ್ಡ ಆಗಿದೆ."

ನೋಡಿದೆ. ಯಜಮಾನರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಅಂದಿನಿಂದ ಬಹಳ ಎಚ್ಚರಿಕೆಯಿಂದ ಕಲಿತೆ. ಎರಡು ವಾರದಲ್ಲಿ ಕ್ಷೌರದಂಗಡಿಯವನಿಂದ ಒಂದೂ ದೂರು ಬರಲಿಲ್ಲ. ಇಂಗ್ಲಿಷಿನಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ?

ಮನೆಯಲ್ಲಿ ಮಾತ್ರ ವಿದ್ಯೆಗೆ ಬೆಲೆಯಿಲ್ಲ. ಬಚ್ಚಲಿಗೆ ಹೋಗುವಾಗ, ಬಟ್ಟೆ ಮಡಿಸುವಾಗ, ಅಭ್ಯಾಸ ಮಾಡುತ್ತಲೇ ಇದ್ದೆ. ಅಡುಗೆಮನೆಯ ಗೂಡಿನಲ್ಲಿ ಸ್ಟೀಲು ಲೋಟಗಳು ಕುಣಿದು ಅಂಚಿಗೆ ಬಂದು ನಿಲ್ಲುತ್ತಿದ್ದವು. ಹೆಂಡತಿ ದಿನಕ್ಕೆರಡು ಸಲ ಅವನ್ನು ಒಳಕ್ಕೆ ತಳ್ಳುತ್ತಿದ್ದಳು. ಅತ್ತೆ ನಾಲ್ಕು ದಿನ ಇರಲೆಂದು ಬಂದವರು ನಾನು ಮಂಚದ ಪಕ್ಕದಲ್ಲಿ ತುದಿಗಾಲಲ್ಲಿ ಎದ್ದು ಕಣ್ಣು ಮುಚ್ಚಿ "ಎಮರ್ಜೆನ್ಸಿ" ಎಂದು ಧೊಪ್ಪನೆ ಇಳಿದದ್ದನ್ನು ನೋಡಿ, ಮಗಳನ್ನು ಮೂಲೆಗೆ ಕರೆದರು.

"ಅಳಿಯಂದಿರಿಗೆ ನರದ ತೊಂದರೆ ಯಾವಾಗಿನಿಂದ?"

"ನರ ಅಲ್ಲಮ್ಮಾ, ಇಂಗ್ಲಿಷು."

"ಅಯ್ಯೋ, ಅದಕ್ಕೆ ಔಷಧಿ ಇದೆಯಾ?" ಎಂದು ಕಣ್ಣೊರೆಸಿಕೊಂಡು ಅತ್ತೆ ಮರುದಿನವೇ ಹೊರಟರು. ಇಷ್ಟು ಬೇಗ ಅವರು ಎಂದೂ ಹೊರಟದ್ದಿಲ್ಲ. ಇಂಗ್ಲಿಷಿನಿಂದ ನನಗೆ ಆದ ಲಾಭ ಅದೊಂದೇ ಎಂದು ಈಗ ಅನ್ನಿಸುತ್ತದೆ.

ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರದು ಇನ್ನೊಂದು ಗೋಳು. ಮೂವತ್ತೈದು ವರ್ಷ ಲಕ್ಷಾಂತರ ಕಾಗದಗಳ ಮೇಲೆ ಮುದ್ರೆ ಗುದ್ದಿದ ಮಹಾನುಭಾವರು, ತಲೆಯ ಮೇಲೆ ನಾಲ್ಕು ಗುದ್ದು ಬಿದ್ದರೆ ಸಹಿಸಲಾರರು. ಊರುಗೋಲಿನಿಂದ ಕೆಳಗಿನಿಂದಲೇ ತಾರಸಿಗೆ ಬಡಿಯುತ್ತಿದ್ದರು. ಅದೂ ಸಮನಾಗಿ ಟಕ್ ಟಕ್ ಟಕ್ ಟಕ್. ಒತ್ತಿನ ಗಂಧವೇ ಇಲ್ಲದ ಮನುಷ್ಯ ಎಂದು ನಾನು ಅನುಕಂಪ ಪಟ್ಟೆ.

ಆಫೀಸಿನಲ್ಲಿ ಶುರುವಾದದ್ದು ಆ ವಾರವೇ. ಸೂಪರಿಂಟೆಂಡೆಂಟ್ ಮೇಡಂ ಫ್ಲಾಸ್ಕು ಹಿಡಿದು ಲಿಫ್ಟು ಹತ್ತಿದರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಹೊಸ ವಿದ್ಯೆಯಲ್ಲಿ "ಅಡ್ಮಿನಿಸ್ಟ್ರೇಷನ್" ಎಂದೆ. ಲಿಫ್ಟು ಧಡಕ್ಕೆಂದು ಎಗರಿತು. ಫ್ಲಾಸ್ಕಿನ ಕಾಫಿ ಮೇಡಂ ಸೆರಗಿನ ಮೇಲೆ.

"ಏನಪ್ಪಾ ಇದು? ಲಿಫ್ಟು ಬಿಕ್ಕಳಿಸುತ್ತಲ್ಲ!"

"ಹಳೇ ಯಂತ್ರ ಮೇಡಂ," ಎಂದೆ. ನನಗೂ ಸಿಟ್ಟೇ ಬಂದಿತ್ತು. ಜನ್ಮದಲ್ಲಿ ಮೊದಲ ಸಲ ಆ ಪದ ಅಷ್ಟು ಚೆನ್ನಾಗಿ ಬಾಯಿಂದ ಹೊರಟಿದೆ, ಅದೇ ಹೊತ್ತಿಗೆ ಈ ದರಿದ್ರ ಲಿಫ್ಟು ಎಗರಬೇಕೆ? ಮೇಡಂ ಸೆರಗು ನೋಡಿಕೊಂಡರೇ ಹೊರತು ನನ್ನ ಒತ್ತು ಗಮನಿಸಲಿಲ್ಲ. ಮರುದಿನ ಎಂಜಿನಿಯರಿಂಗಿನವರು ಹತ್ತಿದಾಗಲೂ ಹಾಗೇ ಆಯಿತು. ಅದರ ಮರುದಿನ ಎರಡೂ ಕಡೆ. ಇಂಟರ್‌ವ್ಯೂ ಹತ್ತಿರ ಬಂದಂತೆ ನನ್ನ ಉಚ್ಚಾರಣೆ ಸುಧಾರಿಸಿತು, ಲಿಫ್ಟು ಕೆಟ್ಟಿತು. ಒಂದಕ್ಕೊಂದು ಸಂಬಂಧವಿದೆ ಎಂದು ಯಾವ ಮನುಷ್ಯನಿಗೆ ತಾನೇ ಹೊಳೆಯುತ್ತದೆ?

ಮೆಕ್ಯಾನಿಕ್ಕನ್ನು ಕರೆಸಿದರು. ಒಳ್ಳೆಯವನು, ಕೆಲಸ ಬಲ್ಲವನು, ನನ್ನನ್ನು ಅಣ್ಣ ಎಂದೇ ಕರೆಯುವುದು. ಆ ಲಿಫ್ಟನ್ನು ಹನ್ನೆರಡು ವರ್ಷದಿಂದ ಮಗುವಿನ ಹಾಗೆ ನೋಡಿಕೊಂಡಿದ್ದಾನೆ. ಹಗ್ಗ ನೋಡಿದ, ರಾಟೆ ನೋಡಿದ, ಗ್ರೀಸು ಬಳಿದ. ನನ್ನ ಜೊತೆ ಹದಿನೆಂಟು ಸಲ ಏರಿ ಇಳಿದ. ಒಂದು ಸಲವೂ ಎಗರಲಿಲ್ಲ. ಮೆಕ್ಯಾನಿಕ್ಕಿಗೇ ಮಹಡಿಯ ಹೆಸರು ಕೂಗಿ ಹೇಳುವುದು ಅವನಿಗೆ ಅವಮಾನ ಎಂದು ನಾನು ಸುಮ್ಮನೆ ಕೂತಿದ್ದೆ.

ಅವನು ಬೆನ್ನು ತಿರುಗಿಸಿದ ಕೂಡಲೇ ಎಂಜಿನಿಯರಿಂಗಿನ ಮೂವರು ಹತ್ತಿದರು. ಧಡಕ್!

ಸ್ಟೋರ್ಸಿನಿಂದ ಮರಳಿನ ಮೂಟೆ ತರಿಸಿ ಲಿಫ್ಟಿಗೆ ತುಂಬಿದ. ಮೂಟೆಗಳು ಸುಖವಾಗಿ ಏಳನೇ ಮಹಡಿ ನೋಡಿಕೊಂಡು ಬಂದವು. ಜನ ಹತ್ತಿದರೆ ಧಡಕ್! ಮೆಕ್ಯಾನಿಕ್ಕು ಸ್ಲೇಟಿನಷ್ಟು ದೊಡ್ಡ ಕಾಗದದಲ್ಲಿ ಗೆರೆ ಎಳೆದುಕೊಂಡು ಕೂತ. "ಅಣ್ಣಾ, ನನಗೆ ತಲೆ ಕೆಟ್ಟುಹೋಗಿದೆ. ಮೂರನೇ ಮಹಡಿಗೆ ಒಂದು ಅಡಿ ಮುಂಚೆ ಎಗರುತ್ತೆ. ಐದನೆಯದಕ್ಕೆ ಒಂದೂವರೆ ಅಡಿ ಮುಂಚೆ. ಎರಡನೇ ಮಹಡಿ ಹತ್ತಿರ ಒಂದು ದಿನವೂ ಇಲ್ಲ. ಸ್ಟೋರ್ಸಿನವರು ಏನು ಪುಣ್ಯ ಮಾಡಿದ್ದಾರೆ?"

"ಲಿಫ್ಟಿಗೆ ಅಡ್ಮಿನಿಸ್ಟ್ರೇಷನ್ ಕಂಡರೆ ಆಗೋದಿಲ್ಲವೇನೋ," ಎಂದೆ. ನಾವಿದ್ದದ್ದು ಹೊರಗಿನ ಕಲ್ಲುನೆಲದ ಮೇಲೆ. ಅದು ಅಲುಗಲಿಲ್ಲ. ಅಲುಗಿದ್ದರೆ ಅಲ್ಲಿಗೇ ಈ ಕಥೆ ಮುಗಿಯುತ್ತಿತ್ತು.

ಆಮೇಲೆ ಹೆಡ್ ಆಫೀಸಿನ ದೊಡ್ಡ ಸಾಹೇಬರು ಬಂದರು. ಮ್ಯಾನೇಜರು ಅವರನ್ನು ಕರೆದುಕೊಂಡು ಲಿಫ್ಟು ಹತ್ತಿದರು. ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? ಯಾವತ್ತೂ ಎತ್ತದಷ್ಟು ಎತ್ತರ ಹಿಮ್ಮಡಿ ಎತ್ತಿದೆ. ಯಾವತ್ತೂ ಇಳಿಸದಷ್ಟು ಭಾರವಾಗಿ ಇಳಿಸಿದೆ. "ಅಡ್ಮಿನಿಸ್ಟ್ರೇಷನ್!"

ಲಿಫ್ಟು ಎಗರಿತು, ಕಿರ್ರೆಂದಿತು, ಎರಡಕ್ಕೂ ಮೂರಕ್ಕೂ ನಡುವೆ ನಿಂತೇಬಿಟ್ಟಿತು. ದೊಡ್ಡ ಸಾಹೇಬರ ಕನ್ನಡಕ ಜಾಲರಿಯ ಸಂದಿನಿಂದ ಕೆಳಗಿನ ಕತ್ತಲೆಗೆ ಬಿತ್ತು.

"ವಾಟ್ ಈಸ್ ದಿಸ್?" ಎಂದರು ಅವರು.

ಸಮಾಧಾನ ಹೇಳುವುದು ನನ್ನ ಧರ್ಮ. "ಎಮರ್ಜೆನ್ಸಿ ಸರ್," ಎಂದೆ. ಧೊಪ್! ಲಿಫ್ಟು ಒಂದು ಅಂಗುಲ ಜಾರಿತು. "ಮೆಕ್ಯಾನಿಕ್ ಕಮಿಂಗ್ ಸರ್." ಧೊಪ್! ಧೊಪ್! ಇನ್ನೆರಡು ಅಂಗುಲ. ದೊಡ್ಡ ಸಾಹೇಬರು ಮ್ಯಾನೇಜರ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮ್ಯಾನೇಜರು ಗೋಡೆ ಹಿಡಿದುಕೊಂಡು "ಅಮ್ಮಾ" ಎಂದರು. ಬೈಯುವುದಕ್ಕಲ್ಲದೆ ಅವರ ಬಾಯಲ್ಲಿ ಕನ್ನಡ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ನಲವತ್ತು ನಿಮಿಷದ ಮೇಲೆ ನಮ್ಮನ್ನು ಹೊರಗೆಳೆದರು. ಅರ್ಧ ಗಂಟೆಯಲ್ಲಿ ಆರ್ಡರು ಬಂತು. ಲಿಫ್ಟು ಅಪಾಯಕಾರಿ, ಬೀಗ ಹಾಕುವುದು. ಅದನ್ನು ಕಿತ್ತು ಗುಂಡಿ ಒತ್ತಿದರೆ ತಾನೇ ಓಡುವ, ಮಹಡಿಯ ಹೆಸರು ತಾನೇ ಹೇಳುವ ಹೊಸದನ್ನು ತರಿಸುವುದು. ಲಿಫ್ಟಿನವನ ಹುದ್ದೆ ತಿಂಗಳ ಕೊನೆಗೆ ರದ್ದು. ತಪ್ಪು ಪತ್ತೆಹಚ್ಚದ ಮೆಕ್ಯಾನಿಕ್ಕು ಕೂಡ ತಿಂಗಳ ಕೊನೆಗೆ ಮನೆಗೆ. "ನಿನಗೆ ಎನ್‌ಕ್ವೈರಿ ಇಂಟರ್‌ವ್ಯೂ ಒಂದಿದೆ," ಎಂದರು ಮ್ಯಾನೇಜರು. "ಪಾಸಾದರೆ ಆ ಕುರ್ಚಿ. ಇಲ್ಲಾಂದ್ರೆ ಗೇಟು." ಮೊದಲು ಕುರ್ಚಿ ನನಗೆ ಆಸೆಯಾಗಿತ್ತು. ಈಗ ಅದು ಅನ್ನವಾಯಿತು.

ಮನೆಗೆ ಬಂದು ಎಲ್ಲ ಹೇಳಿದೆ. "ಒಂದೇ ಒಂದು ಪದ ಹೇಳಿದೆ ಕಣೇ, ಅಡ್ಮಿನಿಸ್ಟ್ರೇಷನ್ ಅಂತ..." ಧೊಪ್! ಅಂಚಿಗೆ ಬಂದಿದ್ದ ಲೋಟ ಗೂಡಿನಿಂದ ಠಣ್ಣೆಂದು ಬಿತ್ತು. ಕೆಳಗಿನಿಂದ ಊರುಗೋಲು ಟಕ್ ಟಕ್ ಟಕ್ ಟಕ್.

ಹೆಂಡತಿ ಲೋಟ ಎತ್ತಿಕೊಂಡು ನನ್ನ ಕಾಲನ್ನೇ ನೋಡಿದಳು. "ರೀ, ಲಿಫ್ಟಿನಲ್ಲೂ ಹೀಗೇ ಕುಣಿಯೋದಾ ನೀವು?"

"ಕುಣಿಯೋದಲ್ಲ, ಒತ್ತು..." ಎಂದವನು ಅಲ್ಲೇ ನಿಂತೆ. ಮೂರನೇ ಮಹಡಿಗೆ ಒಂದು ಅಡಿ ಮುಂಚೆ. ಸ್ಟೋರ್ಸಿಗೆ ಇಲ್ಲ. ಮೂಟೆ ಹತ್ತಿದರೆ ಇಲ್ಲ. ತೊಂಬತ್ತಾರು ಕಿಲೋ. ಮಂಚದ ಮೇಲೆ ಕೂತುಬಿಟ್ಟೆ. ಮಂಚವೂ ಎಗರಿತು.

"ಹೋಗಿ ಹೇಳಿಬಿಡಿ," ಎಂದಳು.

"ಹೇಳಿದರೆ ಕೆಲಸದಿಂದ ತೆಗೀತಾರೆ."

"ಹೇಳದಿದ್ರೂ ತೆಗೀತಿದಾರಲ್ಲ. ಹೇಳಿದರೆ ಆ ಮೆಕ್ಯಾನಿಕ್ಕಿನ ಅನ್ನವಾದರೂ ಉಳಿಯುತ್ತೆ. ಪಾಪ, ಅವನೇನು ಮಾಡಿದ?"

"ಇಂಟರ್‌ವ್ಯೂ ಆಗಲಿ, ಕುರ್ಚಿ ಸಿಗಲಿ. ಆಮೇಲೆ ಮೆಲ್ಲಗೆ ಹೇಳ್ತೀನಿ," ಎಂದೆ. ಅವಳು ಲೋಟವನ್ನು ಗೂಡಿನ ತೀರಾ ಹಿಂದಕ್ಕೆ ತಳ್ಳಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು.

ಉಪಾಯವೇನೋ ಸರಳ. ಕಾಲು ಅಲುಗಿಸದೆ ಇಂಗ್ಲಿಷು ಮಾತಾಡುವುದು. ಗೋಡೆಗೆ ಒರಗಿ ನಿಂತು ಪ್ರಯತ್ನಿಸಿದೆ. ಕಾಲು ಸುಮ್ಮನಿದ್ದರೆ ಬಾಯೂ ಇಟ್ಟಿಗೆ ಇಳಿಸುತ್ತದೆ. ಬಾಯಲ್ಲಿ ಒತ್ತು ಬಂದರೆ ಕಾಲು ಎಗರುತ್ತದೆ. ಒತ್ತು ಮೇಷ್ಟ್ರ ಹತ್ತಿರ ಓಡಿದೆ.

"ಭೇಷ್!" ಎಂದು ಬೆನ್ನು ತಟ್ಟಿದರು. "ಹಿಮ್ಮಡಿಗೂ ನಾಲಗೆಗೂ ಗಂಟು ಬಿದ್ದಿದೆ. ಇದೇ ಸಿದ್ಧಿ."

"ಗಂಟು ಬಿಚ್ಚೋದು ಹೇಗೆ ಸರ್?"

"ಬಿಚ್ಚೋದಾ? ಇಷ್ಟು ವರ್ಷದಲ್ಲಿ ಗಂಟು ಬಿದ್ದದ್ದೇ ನಿಮ್ಮೊಬ್ಬರಿಗೆ! ಬಿಚ್ಚೋದು ನನಗೂ ಗೊತ್ತಿಲ್ಲ."

ಮೂರು ಸಲ ಕಲಿತ ನನ್ನ ಭಾವಮೈದ ಆಗ ನನ್ನ ಕಣ್ಣಿಗೆ ಭಾಗ್ಯವಂತನಾಗಿ ಕಂಡ.

ಇಂಟರ್‌ವ್ಯೂ ದಿನ ಏಳು ಮಹಡಿ ಹತ್ತಿಕೊಂಡೇ ಹೋದೆ. ಹನ್ನೊಂದು ದಿನದಿಂದ ಇಡೀ ಆಫೀಸು ಹಾಗೇ ಹತ್ತುತ್ತಿತ್ತು. ಸೂಪರಿಂಟೆಂಡೆಂಟ್ ಮೇಡಂ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮ್ಯಾನೇಜರ ಕೋಣೆಯಲ್ಲಿ ಮೆಕ್ಯಾನಿಕ್ಕು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ, ಬೀಗದ ಕೈ ಒಪ್ಪಿಸಿ ಹೋಗಲು ಬಂದದ್ದಂತೆ. ನಾಲ್ಕು ದಿನದ ಗಡ್ಡ. ನನ್ನನ್ನು ಕಂಡು, "ಒಳ್ಳೇದಾಗಲಿ ಅಣ್ಣಾ, ನಿಮಗಾದರೂ ಉಳೀಲಿ," ಎಂದ.

ಆ ಮಾತು ಆಡದೆ ಇದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ಸಿಟ್," ಎಂದರು ಮ್ಯಾನೇಜರು. ಕೂತೆ. "ಸೇ, ಅಡ್ಮಿನಿಸ್ಟ್ರೇಷನ್."

ಕೂತೇ ಹೇಳಿದೆ. ಎರಡೂ ಕಾಲನ್ನು ಕುರ್ಚಿಯ ಕೆಳಗೆ ಒಂದಕ್ಕೊಂದು ಹೆಣೆದುಕೊಂಡು. ಅ. ಡ್ಮಿ. ನಿ. ಸ್ಟ್ರೇ. ಷನ್. ಐದು ಇಟ್ಟಿಗೆ, ಎಲ್ಲಾ ಒಂದೇ ಸೈಜು.

"ಅದೇ ಲಾರಿ, ಅದೇ ಲೋಡು!" ಎಂದು ಮ್ಯಾನೇಜರು ಪೆನ್ನು ತೆಗೆದರು. "ಹೋಗು. ತಿಂಗಳ ಕೊನೆಗೆ ಇಬ್ಬರೂ ಒಟ್ಟಿಗೇ ಹೋಗಿ."

ಮೆಕ್ಯಾನಿಕ್ಕು ಬೀಗದ ಕೈಯನ್ನು ಮೇಜಿನ ಮೇಲಿಟ್ಟ. ಹನ್ನೆರಡು ವರ್ಷದ ಬೀಗದ ಕೈ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನನ್ನ ಮೇಲೆ, ಮೇಷ್ಟ್ರ ಮೇಲೆ, ಆ ಐದಕ್ಷರದ ಮೇಲೆ ಒಟ್ಟಿಗೆ ಸಿಟ್ಟು ಉಕ್ಕಿತು. ಎದ್ದು ನಿಂತೆ, ತುದಿಗಾಲಲ್ಲಿ. ಬಾಯಿಬಿಟ್ಟೆ.

"ಅಡ್ಮಿನಿಸ್ಟ್ರೇಷನ್!"

ಮೇಜಿನ ಗಾಜು ಗಳಗಳ ಎಂದಿತು. ಟೀ ಕಪ್ಪು ಸಾಸರಿನಲ್ಲಿ ಒಂದು ಸುತ್ತು ಹೊಡೆಯಿತು. ಬೀಗದ ಕೈ ಮೇಜಿನ ಅಂಚಿನಿಂದ ನೆಲಕ್ಕೆ ಹಾರಿತು. ಮೆಕ್ಯಾನಿಕ್ಕು ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದವನು ಬಗ್ಗಿದಂತೆಯೇ ನಿಂತು ನನ್ನ ಹಿಮ್ಮಡಿ ನೋಡಿದ.

"ಅಣ್ಣಾ," ಎಂದ ಬಹಳ ಮೆಲ್ಲಗೆ. "ಇನ್ನೊಂದು ಸಲ ಹೇಳಿ."

ಹೇಳಿದೆ. ಕಪ್ಪು ಇನ್ನೊಂದು ಸುತ್ತು ಹೊಡೆಯಿತು.

"ಸ್ಟೋರ್ಸ್ ಅನ್ನಿ."

"ಸ್ಟೋರ್ಸ್." ಕಪ್ಪು ತೆಪ್ಪಗೆ ಕೂತಿತ್ತು.

ಅವನು ನನ್ನ ಕೈ ಹಿಡಿದು ಎಳೆದುಕೊಂಡು ಏಳು ಮಹಡಿ ಇಳಿದ. ಹಿಂದೆ ಮ್ಯಾನೇಜರು, ಅವರ ಹಿಂದೆ ಒಂದೊಂದು ಮಹಡಿಯಿಂದ ಒಂದಷ್ಟು ಜನ. ಲಿಫ್ಟಿನ ಬೀಗ ತೆಗೆದು ನನ್ನನ್ನು ಒಳಗೆ ನಿಲ್ಲಿಸಿದ. "ಈಗ ಅನ್ನಿ." ಅಂದೆ. ಧಡಕ್! "ಎಂಜಿನಿಯರಿಂಗ್!" ಧಡಕ್! "ಕನ್ನಡದಲ್ಲಿ ಏನಾದರೂ ಹೇಳಿ." "ನನ್ನದು ತಪ್ಪಾಯಿತಪ್ಪಾ, ಕ್ಷಮಿಸು," ಎಂದೆ. ಲಿಫ್ಟು ಅಲುಗಲಿಲ್ಲ. ಮೆಕ್ಯಾನಿಕ್ಕು ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. ಅತ್ತ ಮೇಲೆ ಎದೆಗೆ ಎರಡು ಗುದ್ದಿದ. ಎರಡಕ್ಕೂ ನಾನು ಅರ್ಹನೇ.

"ಇವನನ್ನು ಈಗಲೇ ಡಿಸ್ಮಿಸ್ ಮಾಡ್ತೀನಿ!" ಎಂದು ಮ್ಯಾನೇಜರು ಕೂಗಿದರು.

"ಆಮೇಲೆ ಮಾಡಿ ಸರ್," ಎಂದರು ಸೂಪರಿಂಟೆಂಡೆಂಟ್ ಮೇಡಂ, ಅಷ್ಟು ಹೊತ್ತಿಗೆ ಲಿಫ್ಟಿನ ಒಳಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಾಗಿತ್ತು. "ಮೊದಲು ನನ್ನನ್ನು ಮೂರಕ್ಕೆ ಬಿಡಲಿ. ಈ ಹಿಡಿ ಹಿಡಿಯೋಕೆ ಇವನನ್ನು ಬಿಟ್ಟು ಯಾರಿಗೆ ಬರುತ್ತೆ? ಹೊಸ ಲಿಫ್ಟು ಬರೋಕೆ ಎಂಟು ತಿಂಗಳಂತೆ. ನೀವು ಎಂಟು ತಿಂಗಳು ಏಳು ಮಹಡಿ ಹತ್ತುತ್ತೀರಾ?"

ಮ್ಯಾನೇಜರು ಮೆಟ್ಟಿಲ ಕಡೆ ನೋಡಿದರು. ಇನ್ನೂ ಏದುಸಿರು ಬಿಡುತ್ತಿದ್ದರು. ಮಂಡಿಯ ಮೇಲೆ ಕೈ ಇಟ್ಟುಕೊಂಡು, ಲಿಫ್ಟು ಸುರಕ್ಷಿತ ಎಂದು ಬರೆದುಕೊಡು ಎಂದು ಮೆಕ್ಯಾನಿಕ್ಕಿಗೆ ಹೇಳಿದರು. ಅವನು ಅಲ್ಲೇ ಕೂತು ಬರೆದ. ಯಂತ್ರದಲ್ಲಿ ದೋಷವಿಲ್ಲ, ಹೊಸ ಲಿಫ್ಟು ಬೇಕಿಲ್ಲ. ಆದರೆ ಒಂದು ನಿಯಮ ಪಾಲಿಸತಕ್ಕದ್ದು, ಅದನ್ನು ಲಿಫ್ಟಿನೊಳಗೆ ದೊಡ್ಡದಾಗಿ ಬರೆಸಿ ಹಾಕತಕ್ಕದ್ದು, ಮೀರಿದರೆ ಲಿಫ್ಟು ಓಡಿಸತಕ್ಕದ್ದಲ್ಲ.

ಮ್ಯಾನೇಜರು ಕಾಗದ ತಿರುಗಿಸಿ ನೋಡಿದರು. "ಕನ್ನಡದಲ್ಲಿದೆ. ಐ ಡೋಂಟ್ ರೀಡ್ ಆಲ್ ದಿಸ್," ಎಂದು ಸಹಿ ಎಳೆದರು.

ಎನ್‌ಕ್ವೈರಿ ಸೀಟಿಗೆ ಹೊಸಬರೊಬ್ಬರು ಬಂದಿದ್ದಾರೆ. ಆಕೆಯ ಇಂಗ್ಲಿಷು ಅಕ್ಷರಕ್ಕಕ್ಷರ ಚೊಕ್ಕವಂತೆ. ವಿಚಾರಿಸಲು ಬರುವವರೆಲ್ಲ ಕನ್ನಡದಲ್ಲೇ ಕೇಳುತ್ತಾರೆ. ನನಗೆ ನನ್ನ ಸ್ಟೂಲು ಉಳಿಯಿತು, ಮೆಕ್ಯಾನಿಕ್ಕಿಗೆ ಬೀಗದ ಕೈ ಉಳಿಯಿತು. ಮನೆಯಲ್ಲಿ ಲೋಟಗಳು ಇಟ್ಟಲ್ಲಿ ಇರುತ್ತವೆ.

ಸೋಮವಾರ ಬೆಳಿಗ್ಗೆ ಹೊಸ ಬೋರ್ಡು ಹಾಕಿದ ಮೇಲೆ ಮೊದಲು ಹತ್ತಿದವರು ಮ್ಯಾನೇಜರು. ಹಿಂದೆ ಇನ್ನೂ ನಾಲ್ವರು.

"ಸೆವೆಂತ್," ಎಂದರು.

ನಾನು ಹಿಡಿಯಿಂದ ಕೈ ತೆಗೆದು ಬೋರ್ಡು ತೋರಿಸಿದೆ. "ಲಿಫ್ಟಿನೊಳಗೆ ಯಾರೂ ಇಂಗ್ಲಿಷ್ ಮಾತಾಡಕೂಡದು." ಕೆಳಗೆ ಅವರದೇ ಸಹಿ. ಓದಲು ಬರುವುದಿಲ್ಲ ಎಂದವರು ಬಹಳ ಬೇಗ ಓದಿ ಮುಗಿಸಿದರು.

"ವಾಟ್ ನಾನ್..." ಎಂದು ಶುರುಮಾಡಿದರು. ನಾಲ್ವರೂ ಗಾಬರಿಯಿಂದ ಗೋಡೆ ಹಿಡಿದುಕೊಂಡರು. ಮ್ಯಾನೇಜರಿಗೆ ಎರಡಕ್ಕೂ ಮೂರಕ್ಕೂ ನಡುವಿನ ಆ ನಲವತ್ತು ನಿಮಿಷ ನೆನಪಾಗಿರಬೇಕು, ಬಾಯಿ ಮುಚ್ಚಿದರು. ಮೆಟ್ಟಿಲ ಕಡೆ ನೋಡಿದರು. ಮಂಡಿ ನೋಡಿಕೊಂಡರು. ಬೈಯುವ ಸಂದರ್ಭವೂ ಅಲ್ಲ, ಹಾಗಾಗಿ ಕನ್ನಡ ತಕ್ಷಣ ಒದಗಲಿಲ್ಲ.

"ಏಳ್ನೆ ಮ್ಹಡಿ," ಎಂದರು ಕೊನೆಗೆ, ಅರ್ಧ ನುಂಗಿ.

"ಸರ್, ಇದು ಕನ್ನಡ," ಎಂದೆ ಬಹಳ ವಿನಯದಿಂದ. "ಇಲ್ಲಿ ಯಾರನ್ನೂ ನುಂಗೋ ಹಾಗಿಲ್ಲ. ಎಲ್ಲರಿಗೂ ಒಂದೊಂದು ಸೌಟು. ಇನ್ನೊಂದು ಸಲ."

ಅವರು ನನ್ನನ್ನು ನೋಡಿದರು. ನಾನು ಹಿಡಿಯ ಮೇಲೆ ಕೈ ಇಟ್ಟುಕೊಂಡು ಕಾದೆ. ಹತ್ತೊಂಬತ್ತು ವರ್ಷ ಕಾದವನಿಗೆ ಇನ್ನೊಂದು ನಿಮಿಷ ಯಾವ ಲೆಕ್ಕ?

"ಏ, ಳ, ನೇ, ಮ, ಹ, ಡಿ," ಎಂದರು ಮ್ಯಾನೇಜರು. ಆರು ಇಟ್ಟಿಗೆ, ಎಲ್ಲಾ ಒಂದೇ ಸೈಜು.

ಬಾಗಿಲು ಎಳೆದೆ. ಲಿಫ್ಟು ಒಂದಿಷ್ಟೂ ಅಲುಗದೆ ಮೇಲೆ ಹೋಯಿತು.